ಬರುವಾಗ ಅಗ್ಗ, ಹೊರಡುವಾಗ ತುಟ್ಟಿ

ಬೆಂಗಳೂರಿನ ಹೊಸ ಸಾಫ್ಟ್‌ವೇರ್ ಕಂಪನಿಗಳಲ್ಲಿ ಮೊದಲ ಒಂದೆರಡು ವರ್ಷ ಕ್ಲೌಡ್ ಬಿಲ್ಲಿನ ಬಗ್ಗೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್ ಮೂವರೂ ಸ್ಟಾರ್ಟಪ್‌ಗಳಿಗೆ ಸಾವಿರಾರು ಡಾಲರ್ ಬೆಲೆಯ ಕ್ರೆಡಿಟ್ ಕೊಟ್ಟು ಕರೆದು ಕೂರಿಸಿಕೊಳ್ಳುತ್ತಾರೆ. ಸರ್ವರ್ ಬೇಕೆಂದರೆ ನಿಮಿಷಗಳಲ್ಲಿ ಸಿಗುತ್ತದೆ, ದುಡ್ಡು ಕೈಯಿಂದ ಹೋಗುವುದಿಲ್ಲ. ಕ್ರೆಡಿಟ್ ತೀರುವ ಹೊತ್ತಿಗೆ ಗ್ರಾಹಕರು ಹೆಚ್ಚಿರುತ್ತಾರೆ, ಡೇಟಾ ಬೆಟ್ಟದಷ್ಟಾಗಿರುತ್ತದೆ. ಮೊದಲ ಪೂರ್ತಿ ಬಿಲ್ ಬಂದ ತಿಂಗಳು ಹಣಕಾಸು ವಿಭಾಗದವರು ಎಂಜಿನಿಯರುಗಳ ಬಳಿ ಬಂದು ಕೇಳುತ್ತಾರೆ: ‘ಅವರು ಇದಕ್ಕಿಂತ ಕಮ್ಮಿಗೆ ಕೊಡ್ತಾರಂತಲ್ಲ, ಅಲ್ಲಿಗೆ ಹೋಗೋಕೆ ಎಷ್ಟು ದಿನ ಬೇಕು?’

ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡಬೇಕಾದರೆ ಕಂಪನಿಗೆ ತನ್ನ ಪ್ಲಾಟ್‌ಫಾರ್ಮ್ ಯಾವ ಯಾವುದರ ಮೇಲೆ ನಿಂತಿದೆ ಎಂಬುದು ಗೊತ್ತಿರಬೇಕು. ಬಹಳಷ್ಟು ಕಂಪನಿಗಳಿಗೆ ಅದು ಗೊತ್ತಿರುವುದಿಲ್ಲ. ಒಂದು ಕ್ಲೌಡ್‌ನಿಂದ ಇನ್ನೊಂದಕ್ಕೆ ಹೋಗುವ ಕೆಲಸ, ಅಂದರೆ ಐಟಿಯವರ ಬಾಯಲ್ಲಿ ‘ಮೈಗ್ರೇಶನ್’, ಕಷ್ಟವಾಗುವುದು ಇಲ್ಲೇ.

ಕಂಪನಿಗಳು ಹೊರಡುವುದಕ್ಕೆ ದುಡ್ಡೊಂದೇ ಕಾರಣವಲ್ಲ. ಕೆಲವೊಮ್ಮೆ ಕಾನೂನು ಹೊರಡಿಸುತ್ತದೆ. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಹಣಪಾವತಿಯ ಡೇಟಾವನ್ನು ಭಾರತದಲ್ಲೇ ಇಡಬೇಕೆಂದು ಹೇಳಿ ಆರು ತಿಂಗಳ ಗಡುವು ಕೊಟ್ಟಿತು. ಅಷ್ಟರಲ್ಲಿ ದೇಶದೊಳಗೆ ದೊಡ್ಡ ಕ್ಲೌಡ್ ಕೇಂದ್ರಗಳು ಬಂದಿದ್ದವು: ಮೈಕ್ರೋಸಾಫ್ಟ್ 2015ರಲ್ಲಿ, ಅಮೆಜಾನ್ 2016ರಲ್ಲಿ ಮುಂಬಯಿಯಲ್ಲಿ, ಗೂಗಲ್ 2017ರಲ್ಲಿ ಮುಂಬಯಿಯಲ್ಲಿ. ಕೆಲವೊಮ್ಮೆ ಜಗಳ ಹೊರಡಿಸುತ್ತದೆ. 2024ರ ಮೇ ತಿಂಗಳಲ್ಲಿ ಲಿಂಕ್ಡ್‌ಇನ್ ತಮ್ಮ ಪೋಸ್ಟ್ ತೆಗೆದುಹಾಕಿದ್ದಕ್ಕೆ ಸಿಟ್ಟಾದ ಓಲಾದ ಭವೀಶ್ ಅಗರ್ವಾಲ್, ಲಿಂಕ್ಡ್‌ಇನ್ ಒಡೆಯ ಮೈಕ್ರೋಸಾಫ್ಟ್‌ನ ಅಜೂರ್ ಬಿಟ್ಟು ತಮ್ಮದೇ ಕೃತ್ರಿಮ್ ಕ್ಲೌಡ್‌ಗೆ ಓಲಾದ ಕೆಲಸವನ್ನೆಲ್ಲ ಸಾಗಿಸುವುದಾಗಿ ಬಹಿರಂಗವಾಗಿಯೇ ಘೋಷಿಸಿದರು. ಹೇಳಿದ ಗಡುವು ಒಂದೇ ವಾರ. ಆ ವಾಕ್ಯ ಓದಿ ಹುಬ್ಬೇರಿಸದ ಎಂಜಿನಿಯರ್ ಬೆಂಗಳೂರಿನಲ್ಲಿ ಸಿಕ್ಕಿರಲಾರ. ಇನ್ನು ಕೆಲವೊಮ್ಮೆ ಒಂದು ಕಡೆ ಇರುವಷ್ಟು ಒಳ್ಳೆಯ ಸೌಲಭ್ಯ ಇನ್ನೊಂದು ಕಡೆ ಇರುವುದಿಲ್ಲ. ಗಿಟ್‌ಲ್ಯಾಬ್ ಎಂಬ ಕಂಪನಿ ಹೊರಟದ್ದು ಈ ಕಾರಣಕ್ಕೆ. ಬೆಳೆಯುತ್ತಿರುವ ಕಂಪನಿಯೊಂದು ಕ್ಲೌಡ್ ಬದಲಾಯಿಸುವಾಗ ಏನೇನು ನಡೆಯುತ್ತದೆ ಎಂದು ತಿಳಿಯಲು ಗಿಟ್‌ಲ್ಯಾಬ್‌ನಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಯಾಕೆಂದರೆ ಅವರು ತಮ್ಮ ಎಡವಟ್ಟುಗಳನ್ನೂ ಯೋಜನೆಗಳನ್ನೂ ಜಗತ್ತಿನ ಎದುರಿಗೇ ಬರೆದಿಟ್ಟರು.

ಪ್ರೋಗ್ರಾಮರುಗಳು ಕೋಡ್ ಇಟ್ಟು, ತಿದ್ದಿ, ತಂಡವಾಗಿ ಕೆಲಸ ಮಾಡುವ ಸಾಫ್ಟ್‌ವೇರ್ ಗಿಟ್‌ಲ್ಯಾಬ್. 2011ರಲ್ಲಿ ಉಕ್ರೇನಿನ ಡಿಮಿಟ್ರಿ ಜಪರೋಜೆಟ್ಸ್ ಅದನ್ನು ತಮ್ಮ ಮನೆಯಿಂದಲೇ ಶುರುಮಾಡಿದರು. ಆ ಮನೆಗೆ ನಲ್ಲಿ ನೀರಿನ ಸಂಪರ್ಕ ಇರಲಿಲ್ಲ, ಊರ ಬಾವಿಯಿಂದ ನೀರು ಹೊತ್ತು ತರಬೇಕಿತ್ತು. ಮುಂದೆ ನೆದರ್ಲೆಂಡ್ಸ್‌ನ ಸಿಡ್ ಸೈಬ್ರಾಂಡಿ ಜತೆಗೂಡಿದರು, ಕಂಪನಿ ಬೆಳೆಯಿತು. ಯಾರು ಬೇಕಾದರೂ ಬಳಸಬಹುದಾದ ಅದರ ತಾಣ ಮೈಕ್ರೋಸಾಫ್ಟ್‌ನ ಅಜೂರ್ ಮೇಲೆ ಓಡುತ್ತಿತ್ತು. ಬಳಕೆದಾರರು ಹೆಚ್ಚಿದಂತೆ ತಾಣ ತೆವಳತೊಡಗಿತು. 2016ರ ನವೆಂಬರ್‌ನಲ್ಲಿ ಕಂಪನಿ, ‘ಕ್ಲೌಡ್ ಸಾಕು, ಸ್ವಂತ ಸರ್ವರ್ ಕೊಳ್ಳುತ್ತೇವೆ’ ಎಂದು ಪ್ರಕಟಿಸಿತು. ಯಾವ ಯಂತ್ರ ಕೊಳ್ಳಬೇಕೆಂಬ ಪಟ್ಟಿಯನ್ನೂ ಹಾಕಿ ಸಲಹೆ ಕೇಳಿತು. ಸಲಹೆಗಳು ಧಾರಾಳವಾಗಿ ಬಂದವು. ಯಂತ್ರ ಕೊಂಡರೆ ಅದನ್ನು ನೋಡಿಕೊಳ್ಳುವ ಜನ ಬೇಕು, ಕೆಟ್ಟರೆ ರಿಪೇರಿ ಬೇಕು, ಇವೆಲ್ಲ ನಿಮ್ಮ ಕಸುಬಲ್ಲ ಎಂಬ ಎಚ್ಚರಿಕೆ ಅವುಗಳಲ್ಲಿ ಎದ್ದು ಕಾಣುತ್ತಿತ್ತು. 2017ರ ಮಾರ್ಚ್‌ನಲ್ಲಿ ಕಂಪನಿ ಆ ಯೋಜನೆಯನ್ನು ಕೈಬಿಟ್ಟಿತು.

ಆ ನಡುವೆ ಒಂದು ರಾತ್ರಿ ನಡೆದದ್ದನ್ನು ಐಟಿ ಜನ ಇಂದಿಗೂ ಮರೆತಿಲ್ಲ. 2017ರ ಜನವರಿ 31. ಸ್ಪ್ಯಾಮ್ ದಾಳಿಯಿಂದ ಡೇಟಾಬೇಸ್ ಏದುಸಿರು ಬಿಡುತ್ತಿತ್ತು. ಮುಖ್ಯ ಡೇಟಾಬೇಸ್‌ನ ನೆರಳಿನಂತೆ ಓಡಬೇಕಿದ್ದ ಎರಡನೆಯ ಪ್ರತಿ ಹಿಂದೆ ಬಿದ್ದಿತ್ತು. ಅದನ್ನು ಮೊದಲಿನಿಂದ ಕಟ್ಟೋಣವೆಂದು ಎಂಜಿನಿಯರ್ ಒಬ್ಬರು ತಡರಾತ್ರಿವರೆಗೆ ಕೂತಿದ್ದರು. ಎರಡನೆಯ ಸರ್ವರ್‌ನ ಫೋಲ್ಡರ್ ಖಾಲಿ ಮಾಡಬೇಕಿತ್ತು. ಅಳಿಸುವ ಆದೇಶ ಕೊಟ್ಟರು. ಒಂದೆರಡು ಸೆಕೆಂಡಿನಲ್ಲಿ ಎದೆ ಧಸಕ್ಕೆಂದಿತು: ಅಳಿಸುತ್ತಿದ್ದದ್ದು ಮುಖ್ಯ ಸರ್ವರ್‌ನಲ್ಲಿ. ತಡೆಯುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ.

ಬ್ಯಾಕಪ್ ಇದೆಯಲ್ಲ ಎಂದು ಹುಡುಕಿದರೆ ಒಂದೂ ನೆಟ್ಟಗಿಲ್ಲ. ದಿನವೂ ಅಮೆಜಾನ್‌ನ ಎಸ್3 ಸಂಗ್ರಹಕ್ಕೆ ಹೋಗಬೇಕಿದ್ದ ಪ್ರತಿ ಹೋಗುತ್ತಲೇ ಇರಲಿಲ್ಲ. ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ 9.6 ಆವೃತ್ತಿ, ಅದರ ಪ್ರತಿ ತೆಗೆಯುವ ಪ್ರೋಗ್ರಾಂ 9.2 ಆವೃತ್ತಿ. ಎರಡಕ್ಕೂ ಹೊಂದಾಣಿಕೆಯಾಗದೆ ಬ್ಯಾಕಪ್ ದಿನವೂ ಸೋಲುತ್ತಿತ್ತು. ಸೋತಿದೆ ಎಂದು ತಿಳಿಸುವ ಇಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿದ್ದರಿಂದ ಅವು ಯಾರಿಗೂ ತಲುಪಿರಲಿಲ್ಲ. ಅಜೂರ್‌ನ ಡಿಸ್ಕ್ ಸ್ನ್ಯಾಪ್‌ಶಾಟ್ ಸೌಲಭ್ಯವನ್ನು ಡೇಟಾಬೇಸ್ ಸರ್ವರ್‌ಗಳಿಗೆ ಆನ್ ಮಾಡಿರಲಿಲ್ಲ. ಕೊನೆಗೆ ಕೈಹಿಡಿದದ್ದು, ಪರೀಕ್ಷೆಯ ಸಲುವಾಗಿ ಆರು ಗಂಟೆ ಮೊದಲು ಅದೇ ಎಂಜಿನಿಯರ್ ಅದೃಷ್ಟವಶಾತ್ ತೆಗೆದಿಟ್ಟಿದ್ದ ಒಂದು ಪ್ರತಿ. ಅದನ್ನು ನಿಧಾನದ ಡಿಸ್ಕ್‌ಗಳಿಂದ ಮರಳಿ ತರಲು ಸುಮಾರು 18 ಗಂಟೆ ಹಿಡಿಯಿತು. ಆ ಆರು ಗಂಟೆಗಳಲ್ಲಿ ಬಂದ ಸುಮಾರು 5,000 ಪ್ರಾಜೆಕ್ಟ್‌ಗಳ ಮಾಹಿತಿ, 5,000 ಕಾಮೆಂಟ್, 700 ಹೊಸ ಖಾತೆಗಳಿಗೆ ಪೆಟ್ಟು ಬಿತ್ತು. ದುರಸ್ತಿ ಕೆಲಸವನ್ನು ಕಂಪನಿ ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿತು. ಎಂಜಿನಿಯರ್ ಕೆಲಸ ಕಳೆದುಕೊಳ್ಳಲಿಲ್ಲ.

ಇದು ಮೈಗ್ರೇಶನ್ ದಿನದ ಅಪಘಾತವಲ್ಲ. ಆದರೆ ಒಂದು ಡೇಟಾಬೇಸ್‌ನ ಪ್ರತಿಯನ್ನು ಇನ್ನೊಂದು ಯಂತ್ರದಲ್ಲಿ ಕಟ್ಟಿ, ಎರಡನ್ನೂ ಒಂದೇ ಹೆಜ್ಜೆಯಲ್ಲಿ ನಡೆಸುವ ಕೆಲಸವೇ ಮೈಗ್ರೇಶನ್‌ನ ಜೀವಾಳ. ಒಂದೇ ಕ್ಲೌಡ್‌ನೊಳಗೆ, ಎರಡು ಸರ್ವರ್‌ಗಳ ನಡುವೆ ಇಷ್ಟು ಎಡವಿದ ಕಂಪನಿ, ಒಂದೂವರೆ ವರ್ಷದಲ್ಲಿ ಇಡೀ ತಾಣವನ್ನು ಅಜೂರ್‌ನಿಂದ ಗೂಗಲ್ ಕ್ಲೌಡ್‌ಗೆ ಒಯ್ದಿತು. ಅದು ಹೇಗೆ ಸಾಧ್ಯವಾಯಿತು ಎಂಬುದರಲ್ಲಿ ಮಿಕ್ಕವರಿಗೆ ಪಾಠವಿದೆ.

ಗೂಗಲ್‌ಗೆ ಹೋಗಲು ಅವರು ಕೊಟ್ಟ ಕಾರಣ ಕುಬರ್ನೆಟಿಸ್. ನೂರಾರು ಸಣ್ಣ ಪ್ರೋಗ್ರಾಂಗಳನ್ನು ಯಾವ ಯಂತ್ರದಲ್ಲಿ ಓಡಿಸಬೇಕು, ಒಂದು ಬಿದ್ದರೆ ಇನ್ನೊಂದನ್ನು ಎಲ್ಲಿ ಎಬ್ಬಿಸಬೇಕು ಎಂದು ತಾನಾಗಿ ನೋಡಿಕೊಳ್ಳುವ ವ್ಯವಸ್ಥೆ ಅದು. ಹುಟ್ಟಿದ್ದು ಗೂಗಲ್‌ನಲ್ಲಿ. ಇಷ್ಟಾಗಿಯೂ ಗಿಟ್‌ಲ್ಯಾಬ್ ಹೋದ ದಿನವೇ ಕುಬರ್ನೆಟಿಸ್‌ಗೆ ಹಾರಲಿಲ್ಲ. ಅಜೂರ್‌ನಲ್ಲಿ ಇದ್ದ ಹಾಗೇ ಗೂಗಲ್‌ನಲ್ಲೂ ಮಾಮೂಲಿ ವರ್ಚುವಲ್ ಯಂತ್ರಗಳ ಮೇಲೆ ತಾಣವನ್ನು ನಿಲ್ಲಿಸಿತು. ಕುಬರ್ನೆಟಿಸ್‌ಗೆ ಒಂದೊಂದೇ ಭಾಗವನ್ನು ಬದಲಾಯಿಸುವ ಕೆಲಸ ಆಮೇಲಿನ ವರ್ಷಗಳದ್ದು. ಸ್ಥಳವನ್ನೂ ಸ್ವರೂಪವನ್ನೂ ಒಟ್ಟಿಗೇ ಬದಲಿಸಿದರೆ, ಏನಾದರೂ ಕೆಟ್ಟಾಗ ತಪ್ಪು ಹೊಸ ಜಾಗದ್ದೋ ಹೊಸ ಕೋಡ್‌ನದ್ದೋ ಎಂದು ಹುಡುಕುವುದರಲ್ಲೇ ರಾತ್ರಿ ಕಳೆಯುತ್ತದೆ. ಟಿಪ್ಪಣಿ ಬರೆದಿಡುವ ಆ್ಯಪ್ ಎವರ್‌ನೋಟ್ 2016ರಲ್ಲಿ ತನ್ನ ಸ್ವಂತ ಯಂತ್ರಗಳಿಂದ ಗೂಗಲ್ ಕ್ಲೌಡ್‌ಗೆ ಹೋದಾಗ 70 ದಿನಗಳಲ್ಲಿ ಮುಗಿಸಿತು. ಎಲ್ಲವನ್ನೂ ಹೊಸದಾಗಿ ಬರೆದುಕೊಂಡು ಅಮೆಜಾನ್‌ಗೆ ಹೋದ ನೆಟ್‌ಫ್ಲಿಕ್ಸ್‌ಗೆ 2008ರಿಂದ 2016ರ ಜನವರಿವರೆಗೆ, ಏಳು ವರ್ಷ ಬೇಕಾಯಿತು. ಎರಡೂ ಸರಿಯಾದ ದಾರಿಗಳೇ. ಆದರೆ ಎವರ್‌ನೋಟ್‌ನ ಗಡುವು ಹಾಕಿಕೊಂಡು ನೆಟ್‌ಫ್ಲಿಕ್ಸ್‌ನ ಕೆಲಸಕ್ಕೆ ಕೈಹಾಕಿದವರು ಮುಗ್ಗರಿಸುತ್ತಾರೆ.

ಡೇಟಾ ಸಾಗಿಸಲು ಗಿಟ್‌ಲ್ಯಾಬ್ ಬಳಸಿದ್ದು ತಾನೇ ಗ್ರಾಹಕರಿಗೆ ಮಾರುತ್ತಿದ್ದ ‘ಜಿಯೋ’ ಎಂಬ ಸೌಲಭ್ಯವನ್ನು. ಒಂದು ಊರಿನಲ್ಲಿರುವ ಗಿಟ್‌ಲ್ಯಾಬ್‌ನ ತದ್ರೂಪು ಪ್ರತಿಯನ್ನು ಇನ್ನೊಂದು ಊರಿನಲ್ಲಿ ಇಟ್ಟು, ಇಲ್ಲಿ ಆದ ಬದಲಾವಣೆಯನ್ನು ಅಲ್ಲಿಗೂ ಒಯ್ಯುತ್ತಲೇ ಇರುವುದು ಅದರ ಕೆಲಸ. ಅಜೂರ್‌ನಲ್ಲಿ ತಾಣ ಎಂದಿನಂತೆ ಓಡುತ್ತಿರುವಾಗಲೇ ಗೂಗಲ್‌ನಲ್ಲಿ ಅದರ ಪ್ರತಿ ತುಂಬಿಕೊಳ್ಳುತ್ತಾ ಬಂತು. ಜತೆಗೆ ಪರೀಕ್ಷಾ ತಾಣದಲ್ಲಿ ಇಡೀ ಸ್ಥಳಾಂತರದ ತಾಲೀಮು ಮತ್ತೆ ಮತ್ತೆ ನಡೆಯಿತು. ಪ್ರತಿ ತಾಲೀಮಿನಲ್ಲೂ ಏನೋ ಒಂದು ಕೈಕೊಡುತ್ತಿತ್ತು, ಅದು ಪಟ್ಟಿಯಲ್ಲಿ ಹೊಸ ಹೆಜ್ಜೆಯಾಗಿ ಸೇರುತ್ತಿತ್ತು. ಜುಲೈ 28 ಎಂದು ಮೊದಲು ಗೊತ್ತುಮಾಡಿದ್ದ ದಿನ ಮುಂದೆ ಹೋಯಿತು. 2018ರ ಆಗಸ್ಟ್ 11, ಶನಿವಾರ ತಾಣ ಗೂಗಲ್‌ಗೆ ಹೋಯಿತು. ಎರಡು ತಿಂಗಳ ಮೊದಲಷ್ಟೇ ಮೈಕ್ರೋಸಾಫ್ಟ್ ಗಿಟ್‌ಲ್ಯಾಬ್‌ನ ದೊಡ್ಡ ಪ್ರತಿಸ್ಪರ್ಧಿ ಗಿಟ್‌ಹಬ್ ಅನ್ನು 750 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಹೇಳಿತ್ತು. ಹಾಗಾಗಿ ಇದು ಸೇಡಿನ ನಡೆ ಎಂದು ಹಲವರು ಭಾವಿಸಿದರು. ಆದರೆ ಸಿದ್ಧತೆ ಅದಕ್ಕೂ ಮೊದಲೇ ಶುರುವಾಗಿತ್ತು. ಇಷ್ಟು ದೊಡ್ಡ ಕೆಲಸ ಎರಡು ತಿಂಗಳ ಸಿಟ್ಟಿನಲ್ಲಿ ಆಗುವಂಥದ್ದೂ ಅಲ್ಲ.

ಬದಲಾವಣೆಯ ಆ ಗಳಿಗೆಗೆ ಐಟಿಯವರು ‘ಕಟ್‌ಓವರ್’ ಎನ್ನುತ್ತಾರೆ. ಹಾಸನ–ಮಂಗಳೂರು ಮಾರ್ಗವನ್ನು ಮೀಟರ್ ಗೇಜ್‌ನಿಂದ ಬ್ರಾಡ್ ಗೇಜ್‌ಗೆ ಬದಲಿಸುವಾಗ ರೈಲ್ವೆಯವರು ವರ್ಷಗಟ್ಟಲೆ ರೈಲು ನಿಲ್ಲಿಸಿದ್ದರು, ಜನ ಬಸ್ಸು ಹತ್ತಿದರು. ಆದರೆ ಆ್ಯಪ್ ಒಂದು ಗಂಟೆ ನಿಂತರೆ ಗ್ರಾಹಕ ಬೇರೆ ಆ್ಯಪ್‌ಗೆ ಹೋಗುತ್ತಾನೆ, ಮರಳಿ ಬರುತ್ತಾನೆಂಬ ಭರವಸೆಯಿಲ್ಲ. ಹಾಗಾಗಿ ನಿಲುಗಡೆಯನ್ನು ನಿಮಿಷಗಳಿಗೆ, ಹೆಚ್ಚೆಂದರೆ ಒಂದೆರಡು ಗಂಟೆಗೆ ಇಳಿಸುವುದೇ ಜಾಣತನ.

ಸಾಮಾನ್ಯವಾಗಿ ಕಟ್‌ಓವರ್ ನಡೆಯುವ ಕ್ರಮ ಹೀಗೆ. ಕೆಲವು ದಿನ ಮೊದಲೇ ಡಿಎನ್‌ಎಸ್‌ನ ಅವಧಿ ಇಳಿಸುತ್ತಾರೆ. ತಾಣದ ಹೆಸರಿಗೂ ಸರ್ವರ್‌ನ ವಿಳಾಸಕ್ಕೂ ಗಂಟುಹಾಕುವ ವ್ಯವಸ್ಥೆ ಡಿಎನ್‌ಎಸ್. ಒಮ್ಮೆ ಕೇಳಿದ ವಿಳಾಸವನ್ನು ಜಗತ್ತಿನ ಕಂಪ್ಯೂಟರ್‌ಗಳು ಎಷ್ಟು ಹೊತ್ತು ನೆನಪಿಡಬೇಕು ಎಂಬುದೂ ಅದರಲ್ಲೇ ಬರೆದಿರುತ್ತದೆ. ಅದು 24 ಗಂಟೆ ಎಂದಿದ್ದರೆ, ವಿಳಾಸ ಬದಲಿಸಿದ ಮೇಲೂ ಒಂದು ದಿನ ಜನ ಹಳೆಯ ಸರ್ವರ್‌ನ ಕದ ತಟ್ಟುತ್ತಿರುತ್ತಾರೆ. ಅದಕ್ಕೇ ಅದನ್ನು ಐದು ನಿಮಿಷಕ್ಕೋ ಒಂದು ನಿಮಿಷಕ್ಕೋ ಇಳಿಸಿಡುವುದು. ಗೊತ್ತಾದ ಹೊತ್ತಿಗೆ ಹಳೆಯ ಕಡೆ ಬರೆಯುವುದನ್ನು ನಿಲ್ಲಿಸುತ್ತಾರೆ. ಓದಬಹುದು, ಹೊಸದನ್ನು ಸೇರಿಸುವಂತಿಲ್ಲ. ದಾರಿಯಲ್ಲಿರುವ ಕೊನೆಯ ಬದಲಾವಣೆಗಳೂ ಹೊಸ ಡೇಟಾಬೇಸ್ ತಲುಪುವವರೆಗೆ ಕಾಯುತ್ತಾರೆ. ಎರಡೂ ಕಡೆಯ ಲೆಕ್ಕ ತಾಳೆ ನೋಡುತ್ತಾರೆ. ಹೊಸದನ್ನು ಮುಖ್ಯ ಎಂದು ಘೋಷಿಸುತ್ತಾರೆ. ಡಿಎನ್‌ಎಸ್ ತಿರುಗಿಸುತ್ತಾರೆ. ತಮ್ಮವರೇ ಮೊದಲು ಒಳಹೊಕ್ಕು ಲಾಗಿನ್, ಹಣಪಾವತಿ, ಹುಡುಕಾಟ ಎಲ್ಲ ಪರೀಕ್ಷಿಸಿ, ಆಮೇಲೆ ಎಲ್ಲರಿಗೂ ತೆರೆಯುತ್ತಾರೆ.

ಇದರಲ್ಲಿ ಬಹುತೇಕರು ಮರೆಯುವ ಹೆಜ್ಜೆಯೊಂದಿದೆ. ಹೊಸ ಕಡೆ ಗ್ರಾಹಕರು ಬರೆಯತೊಡಗಿದ ಕ್ಷಣದಿಂದ ಹಳೆಯ ಪ್ರತಿ ಹಳಸತೊಡಗುತ್ತದೆ. ಎರಡು ಗಂಟೆಯ ನಂತರ ಹೊಸ ವ್ಯವಸ್ಥೆ ಕೈಕೊಟ್ಟರೆ ಮರಳಿ ಹೋಗುವುದೆಂದರೆ ಆ ಎರಡು ಗಂಟೆಯ ಆರ್ಡರ್, ಹಣ, ಸಂದೇಶಗಳನ್ನು ಚೆಲ್ಲಿದಂತೆ. ಅದಕ್ಕೇ ಅನುಭವಿಗಳು ಕಟ್‌ಓವರ್ ಆದ ಕೂಡಲೇ ಹೊಸದರಿಂದ ಹಳೆಯದಕ್ಕೆ ಬದಲಾವಣೆಗಳನ್ನು ತಿರುವಿ ಕಳಿಸುವ ವ್ಯವಸ್ಥೆಯನ್ನು ಇಟ್ಟುಕೊಂಡಿರುತ್ತಾರೆ. ಅಷ್ಟು ದಿನ ಎರಡೂ ಕಡೆ ಬಿಲ್ ಕಟ್ಟಬೇಕು. ಅದನ್ನು ವ್ಯರ್ಥವೆಂದು ಉಳಿಸಹೋದ ಹಣಕಾಸು ವಿಭಾಗ ದೊಡ್ಡ ಅಪಾಯವನ್ನು ಚಿಕ್ಕ ಮೊತ್ತಕ್ಕೆ ಕೊಳ್ಳುತ್ತದೆ.

ಇನ್ನು ಡೇಟಾದ ಗಾತ್ರ. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕದಲ್ಲಿ 1 ಟೆರಾಬೈಟ್ ಸಾಗಿಸಲು ಬಿಡುವಿಲ್ಲದೆ ಓಡಿದರೂ 22 ಗಂಟೆ ಬೇಕು. ಅದರ ಹತ್ತುಪಟ್ಟು ವೇಗದ 1 ಗಿಗಾಬಿಟ್ ಸಂಪರ್ಕ ಕೊಟ್ಟರೂ 1 ಪೆಟಾಬೈಟ್, ಅಂದರೆ ಸಾವಿರ ಟೆರಾಬೈಟ್, ಸಾಗಲು ಮೂರು ತಿಂಗಳು. ಅಮೆಜಾನ್ 2016ರಲ್ಲಿ ಲಾರಿಯನ್ನೇ ಇಳಿಸಿತ್ತು: 45 ಅಡಿ ಉದ್ದದ ಕಂಟೇನರ್, ಅದರೊಳಗೆ 100 ಪೆಟಾಬೈಟ್ ಹಿಡಿಯುವ ಡಿಸ್ಕ್‌ಗಳು, ಹೆಸರು ಸ್ನೋಮೊಬೈಲ್. ಗ್ರಾಹಕರ ಕಟ್ಟಡದ ಬಾಗಿಲಿಗೆ ಬಂದು ಡೇಟಾ ತುಂಬಿಕೊಂಡು ಹೋಗುತ್ತಿತ್ತು. 2024ರಲ್ಲಿ ಆ ಸೇವೆ ನಿಂತಿತು. ಗಮನಿಸಬೇಕಾದ ಸಂಗತಿಯೆಂದರೆ, ಆ ಲಾರಿ ಬರುತ್ತಿದ್ದದ್ದು ಡೇಟಾವನ್ನು ಅಮೆಜಾನ್‌ನ ಒಳಕ್ಕೆ ತರಲು.

ದರದ ಪಟ್ಟಿಯೂ ಅದೇ ದಿಕ್ಕಿನದು. ಕ್ಲೌಡ್‌ನೊಳಕ್ಕೆ ಡೇಟಾ ತರಲು ಸಾಮಾನ್ಯವಾಗಿ ಶುಲ್ಕವಿಲ್ಲ. ಹೊರಕ್ಕೆ ಒಯ್ಯಲು ಇದೆ, ಅದಕ್ಕೆ ‘ಎಗ್ರೆಸ್’ ಎಂದು ಹೆಸರು. ಅಮೆಜಾನ್‌ನ ಅಮೆರಿಕದ ದರದಲ್ಲಿ, ಉಚಿತ ಮಿತಿ ದಾಟಿದ ಮೇಲೆ, ಮೊದಲ 10 ಟೆರಾಬೈಟ್‌ಗೆ ಜಿಬಿಗೆ 9 ಸೆಂಟ್. ಅಂದರೆ 10 ಟೆರಾಬೈಟ್ ಹೊರಗೊಯ್ದರೆ ಸುಮಾರು 900 ಡಾಲರ್. ನೂರಾರು ಟೆರಾಬೈಟ್ ಇರುವ ಕಂಪನಿಗೆ ಈ ಒಂದು ಸಾಲೇ ಯೋಜನೆಯನ್ನು ಮುಂದೂಡಲು ಸಾಕು. ಯುರೋಪಿನ ಒಕ್ಕೂಟ ಇದರ ಮೇಲೆ ಕಣ್ಣಿಟ್ಟು ‘ಡೇಟಾ ಆ್ಯಕ್ಟ್’ ತಂದಿತು. 2024ರ ಜನವರಿಯಲ್ಲಿ ಜಾರಿಗೆ ಬಂದ ಈ ಕಾನೂನು 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗುತ್ತಿದೆ. ಕ್ಲೌಡ್ ಬದಲಿಸುವ ಗ್ರಾಹಕರಿಂದ ಅದಕ್ಕಾಗಿ ಶುಲ್ಕ ಕೀಳುವುದನ್ನು 2027ರ ಜನವರಿ 12ರಿಂದ ಪೂರ್ತಿ ನಿಷೇಧಿಸುತ್ತದೆ. ಗಾಳಿಯ ದಿಕ್ಕು ಅರಿತ ಗೂಗಲ್ 2024ರ ಜನವರಿಯಲ್ಲಿ, ಅಮೆಜಾನ್ ಮತ್ತು ಮೈಕ್ರೋಸಾಫ್ಟ್ ಅದೇ ಮಾರ್ಚ್‌ನಲ್ಲಿ, ತಮ್ಮನ್ನು ಬಿಟ್ಟು ಹೋಗುವವರಿಗೆ ಎಗ್ರೆಸ್ ಮನ್ನಾ ಮಾಡುವುದಾಗಿ ಹೇಳಿದವು. ಹೊರಡುತ್ತೇವೆಂದು ಮೊದಲೇ ತಿಳಿಸಬೇಕು, ಗಡುವಿನೊಳಗೆ ಖಾಲಿ ಮಾಡಬೇಕು ಎಂಬಂಥ ಷರತ್ತುಗಳಿವೆ. ದಿನನಿತ್ಯದ ಎಗ್ರೆಸ್ ಶುಲ್ಕಕ್ಕೆ ಈ ಮನ್ನಾ ಅನ್ವಯಿಸುವುದಿಲ್ಲ.

ಶುಲ್ಕ ಮನ್ನಾ ಆದರೂ ಬಿಡದ ನಂಟೊಂದಿದೆ, ಅದನ್ನು ‘ಲಾಕ್-ಇನ್’ ಎನ್ನುತ್ತಾರೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಎಲ್ಲ ಕ್ಲೌಡ್‌ಗಳಲ್ಲೂ ಸಿಗುತ್ತದೆ, ಕಟ್ಟಿ ಒಯ್ಯಬಹುದು. ಅಮೆಜಾನ್‌ನ ಡೈನಮೋಡಿಬಿ ಅಮೆಜಾನ್‌ನಲ್ಲಿ ಮಾತ್ರ ಇದೆ. ಅದರ ಮೇಲೆ ಕಟ್ಟಿದ ಆ್ಯಪ್ ಹೊರಡಬೇಕಾದರೆ ಆ ಭಾಗದ ಕೋಡ್ ಮತ್ತೆ ಬರೆಯಬೇಕು. ಯಾರಿಗೆ ಯಾವ ಕಡತ ಮುಟ್ಟಲು ಅನುಮತಿ ಎಂಬ ನಿಯಮಗಳನ್ನು ಪ್ರತಿ ಕ್ಲೌಡ್ ತನ್ನದೇ ರೀತಿಯಲ್ಲಿ ಬರೆಯುತ್ತದೆ, ಅವನ್ನೂ ಒಂದೊಂದಾಗಿ ಹೊಸದಾಗಿ ಬರೆಯಬೇಕು. ಪಾಲುದಾರ ಬ್ಯಾಂಕು ನಿಮ್ಮ ಹಳೆಯ ಸರ್ವರ್‌ನ ಐಪಿ ವಿಳಾಸಕ್ಕೆ ಮಾತ್ರ ಪ್ರವೇಶ ಕೊಟ್ಟಿರುತ್ತದೆ. ಹೊಸ ವಿಳಾಸ ಸೇರಿಸಲು ಅರ್ಜಿ, ಮಂಜೂರಾತಿ, ವಾರಗಳ ಕಾಯುವಿಕೆ. ಮೂರು ವರ್ಷದ ಹಿಂದೆ ಕೆಲಸ ಬಿಟ್ಟ ಹುಡುಗ ಯಾವುದೋ ಪ್ರೋಗ್ರಾಂನಲ್ಲಿ ಹಳೆಯ ವಿಳಾಸವನ್ನು ನೇರ ಬರೆದಿಟ್ಟಿರುತ್ತಾನೆ. ತಿಂಗಳ ಕೊನೆಯಲ್ಲಿ ಒಮ್ಮೆ ಮಾತ್ರ ಓಡುವ ಆ ಪ್ರೋಗ್ರಾಂ, ಹಳೆಯ ಸರ್ವರ್ ಮುಚ್ಚಿದ ಮರುತಿಂಗಳು ನೆನಪಾಗುತ್ತದೆ. ಡೇಟಾ ಸಾಗಿಸುವುದು ಸಮಯದ ಲೆಕ್ಕ. ಇಂಥ ನಂಟುಗಳನ್ನು ಹುಡುಕಿ ತೆಗೆಯುವುದೇ ನಿಜವಾದ ಶ್ರಮ.

ಇಷ್ಟೆಲ್ಲ ಮಾಡಿ ಹೋಗುವುದರಲ್ಲಿ ಲಾಭವಿದೆಯೇ? ಕೆಲವರಿಗೆ ಖಂಡಿತ ಇದೆ. ಡ್ರಾಪ್‌ಬಾಕ್ಸ್ ತನ್ನ ಗ್ರಾಹಕರ ಕಡತಗಳಲ್ಲಿ ಶೇ 90ರಷ್ಟನ್ನು ಅಮೆಜಾನ್‌ನಿಂದ ಸ್ವಂತ ಯಂತ್ರಗಳಿಗೆ ತಂದು, ಎರಡು ವರ್ಷಗಳಲ್ಲಿ 7.46 ಕೋಟಿ ಡಾಲರ್ ನಿರ್ವಹಣಾ ವೆಚ್ಚ ಉಳಿಸಿದ್ದಾಗಿ 2018ರಲ್ಲಿ ಷೇರುಪೇಟೆ ನಿಯಂತ್ರಕರಿಗೆ ಸಲ್ಲಿಸಿದ ದಾಖಲೆಯಲ್ಲಿ ಹೇಳಿತು. ಆದರೆ ಕಡತ ಇಡುವುದೇ ಡ್ರಾಪ್‌ಬಾಕ್ಸ್‌ನ ವ್ಯಾಪಾರ, ಅದೂ 500 ಪೆಟಾಬೈಟ್ ಮಟ್ಟದ್ದು. ಕೆಲವು ಟೆರಾಬೈಟ್‌ಗಳ ಕಂಪನಿಗೆ ಆ ಲೆಕ್ಕ ಒಪ್ಪುವುದಿಲ್ಲ. ಬಿಲ್ ಹೆಚ್ಚೆಂಬ ಒಂದೇ ಕಾರಣಕ್ಕೆ ಹೊರಡುವ ಮೊದಲು ಈಗಿರುವ ಕಡೆಯೇ ಕಸ ಗುಡಿಸಿ ನೋಡುವುದು ಒಳ್ಳೆಯದು. ಯಾರೂ ಬಳಸದೆ ಓಡುತ್ತಿರುವ ಪರೀಕ್ಷಾ ಸರ್ವರ್‌ಗಳು, ಅಳಿಸದ ಹಳೆಯ ಸ್ನ್ಯಾಪ್‌ಶಾಟ್‌ಗಳು, ಬೇಕಾದ್ದಕ್ಕಿಂತ ದೊಡ್ಡ ಯಂತ್ರಗಳು ಎಲ್ಲ ಕಂಪನಿಗಳಲ್ಲೂ ಸಿಗುತ್ತವೆ. ಅವನ್ನು ಮುಚ್ಚಿದರೆ ಹೋಗುವ ಮಾತೇ ಕೆಲವೊಮ್ಮೆ ನಿಂತುಹೋಗುತ್ತದೆ.

ಹೊರಡಲೇಬೇಕಾದ ದಿನ ಬಂದರೂ ಬರಬಹುದು. ಅದಕ್ಕೆ ಸಿದ್ಧತೆ ಈಗಲೇ ಆಗಲಿ. ಹೊಸ ಸೇವೆಯೊಂದನ್ನು ಅಳವಡಿಸುವಾಗ, ಇದು ಬೇರೆಲ್ಲಿ ಸಿಗುತ್ತದೆ, ಸಿಗದಿದ್ದರೆ ಬದಲಿಸಲು ಎಷ್ಟು ಕೆಲಸ ಎಂದು ಎರಡು ಸಾಲು ಬರೆದಿಡಿ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಹೊರಡುವವರ ಷರತ್ತುಗಳನ್ನು ಓದಿ. ಬ್ಯಾಕಪ್ ತೆಗೆದರೆ ಸಾಲದು, ಅದನ್ನು ಬೇರೊಂದು ಯಂತ್ರದಲ್ಲಿ ಮರಳಿ ಎಬ್ಬಿಸಿ ನೋಡಿ. ಹೀಗೆ ಮಾಡಿ ನೋಡದ ಬ್ಯಾಕಪ್ ಇದ್ದೂ ಇಲ್ಲದಂತೆ ಎಂಬುದನ್ನು ಗಿಟ್‌ಲ್ಯಾಬ್ ಆರು ಗಂಟೆಗಳ ಡೇಟಾ ಕಳೆದುಕೊಂಡು ಕಲಿಯಿತು. ‘ಎಷ್ಟು ದಿನ ಬೇಕು?’ ಎಂಬ ಪ್ರಶ್ನೆಗೆ ಎಂಜಿನಿಯರ್ ಥಟ್ಟನೆ ಒಂದು ಸಂಖ್ಯೆ ಹೇಳಿದರೆ ನಂಬಬೇಡಿ. ‘ಮೊದಲು ಒಮ್ಮೆ ತಾಲೀಮು ಮಾಡಿ ಹೇಳುತ್ತೇನೆ’ ಎನ್ನುವವರಿಗೆ ಕೆಲಸ ಒಪ್ಪಿಸಿ.